ಪಾಠಕ್ಕಿಟ್ಟ ಹೊಟ್ಟೆ

"ಏಯ್, ಆ ಹಾಸಿಗೆ ಮುಟ್ಟಬೇಡ! ಕೊಳಕು ಕೈ ಇಟ್ಕೊಂಡು ಎಲ್ಲಿಗೆ ಬಂದೆ?"

ನರ್ಸಮ್ಮ ಕೂಗಿದ್ದು ನನ್ನ ಮೇಲೆ. ಬೆಳಿಗ್ಗೆ ಆ ಹಾಸಿಗೆಗೆ ಚಾದರ ಹಾಸಿದ್ದೂ ಇದೇ ಕೈ. ಕಷ್ಟದ ಬಸಿರಿನವರ ವಾರ್ಡು ಅದು. ನೆಲ ಒರೆಸುವವಳು ನಾನು. ಔಷಧಿ, ಯಂತ್ರ ಎಲ್ಲ ಕೈಗೆಟಕುವಂತಿದ್ದ ಮೂಲೆ ಕೋಣೆಯ ಈ ಮಂಚ ನನ್ನ ತಂಗಿಗೆಂದು ದೊಡ್ಡ ಡಾಕ್ಟರಮ್ಮ ಮಾತು ಕೊಟ್ಟಿದ್ದರು. ಅದಕ್ಕೇ ಒಂದು ಸುಕ್ಕೂ ಉಳಿಯದಂತೆ ಚಾದರ ಎಳೆದು ಹಾಸಿದ್ದೆ.

ತಂಗಿಯ ಹೊಟ್ಟೆಯಲ್ಲಿ ಅವಳಿ. ಜೊತೆಗೆ ಬಿಪಿ, ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಇಂಥ ಬಸಿರು ಸಿಗುವುದು ಅಪರೂಪವೆಂದು ಡಾಕ್ಟರಮ್ಮ ವಾರವಾರವೂ ಅವಳನ್ನು ಪಾಠಕ್ಕೆ ಕರೆಸುತ್ತಿದ್ದರು. ಮೇಜಿನ ಮೇಲೆ ಮಲಗಿಸಿ, ಬಟ್ಟೆ ಸರಿಸಿ, ಡಾಕ್ಟರಿಕೆ ಓದುವ ಹುಡುಗ ಹುಡುಗಿಯರೆಲ್ಲ ಸರದಿಯಲ್ಲಿ ಒತ್ತಿ ನೋಡುತ್ತಿದ್ದರು. ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು ತಪ್ಪು ಹೇಳಿದವರು ಮತ್ತೆ ಒತ್ತುತ್ತಿದ್ದರು.

"ನಾನೇನು ಸಂತೆಗಿಟ್ಟ ಕುಂಬಳಕಾಯೇನೇ ಅಕ್ಕಾ? ಬಂದೋರೆಲ್ಲ ತಟ್ಟಿ ನೋಡ್ತಾರೆ" ಎಂದು ನಾಚಿಕೆಯಲ್ಲೂ ನಗುತ್ತಿದ್ದಳು.

"ಸುಮ್ನಿರೇ. ಹೆರಿಗೆಗೆ ಆ ಮಂಚ ಸಿಗುತ್ತಲ್ಲ" ಎನ್ನುತ್ತಿದ್ದೆ ನಾನು. 'ನಿನ್ನ ತಂಗಿ ನನ್ನ ಮಗಳಿದ್ದ ಹಾಗೆ' ಎಂದಿದ್ದಳಲ್ಲ ಆ ಮಹಾತಾಯಿ ಡಾಕ್ಟರಮ್ಮ! ದೇವರಿಗೂ ಅಷ್ಟು ಕೈ ಮುಗಿದವಳಲ್ಲ ನಾನು.

ಇವತ್ತು ಮಧ್ಯಾಹ್ನ ತಂಗಿಗೆ ಕಣ್ಣು ಮಂಜಾಯಿತು. ತಲೆ ಸಿಡಿಯುತ್ತಿದೆ ಎಂದಳು. ಗೇಟಿನಲ್ಲಿ ಗಾಲಿಕುರ್ಚಿ ಕೊಡಲಿಲ್ಲ. ಮಾಸಿದ ಬಟ್ಟೆ ಸಾಗಿಸುವ ಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಿದ್ದೆ. ಈಗ ಬಾಗಿಲ ಹೊರಗೆ ಅದರಲ್ಲೇ ಒರಗಿದ್ದಳು.

"ಆ ಮಂಚ ಆಸ್ಪತ್ರೆ ಯಜಮಾನ್ರ ಸೊಸೆಗೆ. ಸಂಜೆ ಬರ್ತಾರೆ" ಎಂದಳು ನರ್ಸಮ್ಮ.

"ಏನಾಗಿದೆ ಅವ್ರಿಗೆ?"

"ಏನೂ ಆಗಿಲ್ಲ. ಮನೇಲಿ ನೆಂಟರ ಗಲಾಟೆಯಂತೆ. ರೆಸ್ಟ್ ಬೇಕಂತೆ."

ಅಷ್ಟರಲ್ಲಿ ಡಾಕ್ಟರಮ್ಮನೇ ಬಂದು ಬಾಗಿಲಲ್ಲಿ ನಿಂತರು. ಗಾಡಿಯ ಕಡೆ ಸರಿಯಾಗಿ ತಿರುಗಿಯೂ ನೋಡಲಿಲ್ಲ.

"ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗು. ಇಲ್ಲಿ ಜಾಗ ಇಲ್ಲ."

"ನೀವೇ ಮಾತು ಕೊಟ್ಟಿದ್ರಲ್ಲಮ್ಮಾ!"

"ಪಾಠಕ್ಕೆ ಬಂದೋರಿಗೆಲ್ಲ ಮಂಚ ಕೊಡಕ್ಕಾಗುತ್ತಾ?"

"ದಾರೀಲಿ ಏನಾದ್ರೂ ಆದ್ರೆ?"

"ದೇವರಿದ್ದಾನೆ, ಹೋಗು."

ಗಾಡಿಯ ತಗಡು ಗಡಗಡ ಬಡಿದುಕೊಂಡಿತು. ತಂಗಿಯ ಕೈಕಾಲು ಸೆಟೆದು ಬಾಯಿ ಸೊಟ್ಟಗಾಗಿತ್ತು.

"ಥೂ, ನಿನ್ನ ಬಾಯಿಗೆ ಮಣ್ಣು ಹಾಕ!" ಓಡಿಹೋಗಿ ಗಾಡಿಯನ್ನು ಕೋಣೆಯೊಳಕ್ಕೆ ನುಗ್ಗಿಸಿದೆ. ಅಡ್ಡ ನಿಂತಿದ್ದ ಡಾಕ್ಟರಮ್ಮ ಹಿಂದೆ ಹಿಂದೆ ಸರಿಯುತ್ತಾ ಒಳಗೇ ಬಂದರು. ತಂಗಿಯನ್ನು ತಬ್ಬಿ ಎತ್ತಿ ಆ ಚಾದರದ ಮೇಲೆ ಮಲಗಿಸಿದೆ. ಬಾಗಿಲು ಎಳೆದುಕೊಂಡು, ಎರಡೂ ಕದಗಳ ಹಿಡಿಗಳ ನಡುವೆ ನೆಲ ಒರೆಸುವ ಕೋಲು ತೂರಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ.

"ಬಾಗ್ಲು ತೆಗಿ! ಪೊಲೀಸ್ ಕರೀತೀನಿ. ನಾಳೆಯಿಂದ ನಿನಗೆ ಕೆಲ್ಸ ಇಲ್ಲ!" ಡಾಕ್ಟರಮ್ಮ ಕಿರುಚಿದರು.

"ಕರಿ. ಅವ್ರು ಬರೋತನಕ ಇವಳನ್ನ ನೋಡು. ಇಷ್ಟು ದಿನ ಮುಟ್ಟಿ ಮುಟ್ಟಿ ನೋಡಿದ್ಯಲ್ಲ, ಈಗ್ಲೂ ಮುಟ್ಟು."

ಕಾವಲಿನವನು ಹೊರಗಿನಿಂದ ಬಾಗಿಲು ಗುದ್ದತೊಡಗಿದ. ನರ್ಸಮ್ಮ ಸಿರಿಂಜು ಕೈಯಲ್ಲಿ ಹಿಡಿದು ಡಾಕ್ಟರಮ್ಮನ ಮುಖ ನೋಡುತ್ತಿದ್ದಳು. ಡಾಕ್ಟರಮ್ಮ ನನ್ನ ಮುಖ ನೋಡುತ್ತಿದ್ದರು. ತಂಗಿ ಮತ್ತೆ ಸೆಟೆದಳು. ಬೆಳಿಗ್ಗೆ ನಾನು ಹಾಸಿದ ಚಾದರ ಮುದುರಿ ಅವಳ ಮುಷ್ಟಿಯೊಳಗೆ ಸೇರಿತು. ನಾನು ಬಾಗಿಲು ಬಿಟ್ಟು ಸರಿಯಲಿಲ್ಲ.