ಅತ್ತೆಯ ನಾಲಿಗೆ

ಮೊದಲನೆಯ ಸಸಿಯ ಎಲೆಯಲ್ಲಿ ಕಹಿ ಇರಲಿಲ್ಲ. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದನ್ನು ಚಿವುಟಿ ಮುಂದಿನ ಹಲ್ಲಿನಲ್ಲಿ ಅಗಿದಾಗ ಅದರಲ್ಲೂ ಕಹಿ ಕಾಣದೆ ಖುಷಿ ಹೋಗಿ ಅನುಮಾನ ಬಂತು. ಗಾಜಿನ ಮನೆಯ ಮೂಲೆಯಲ್ಲಿ ಕಾಡುಸೌತೆಯ ತಾಯಿಬಳ್ಳಿ ಹಬ್ಬಿಕೊಂಡಿತ್ತು. ಅದರ ಎಲೆಯ ಚೂರು ನಾಲಿಗೆಗೆ ತಾಗಿದರೆ ಸಾಕು, ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಅವಳು ಅರ್ಧ ಎಲೆಯನ್ನೇ ಬಾಯಿಗೆ ಹಾಕಿಕೊಂಡಳು. ಕಾಗದ ಅಗಿದ ಹಾಗಾಯಿತು.

ವಾರದ ಹಿಂದೆ ಬಂದ ಶೀತ ಹೋಗುವಾಗ ಅವಳ ರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು.

ಜನರ ಉಪಯೋಗಕ್ಕೆ ಬರುವ ಗಿಡಗಳ ಮೇಲೆ ಕೆಲಸ ಮಾಡುವ ದಕ್ಷಿಣ ಏಷ್ಯಾದ ವಿಜ್ಞಾನಿಗಳಿಗೆಂದು ಕೊಡುವ ಫೆಲೋಶಿಪ್ಪು ಈ ಸಲ ಅವಳಿಗೆ ಸಿಕ್ಕಿತ್ತು. ದೂರದ ದೇಶದ ದೊಡ್ಡ ಸಸ್ಯೋದ್ಯಾನದಲ್ಲಿ ಒಂದು ವರ್ಷ. ಕಾಡುಸೌತೆ ನೀರಿಲ್ಲದೆ ಬದುಕುತ್ತದೆ, ಬೂದಿರೋಗಕ್ಕೆ ಜಗ್ಗುವುದಿಲ್ಲ, ಆದರೆ ಬಾಯಿಗೆ ಇಡುವ ಹಾಗಿಲ್ಲ. ಅದನ್ನು ಮನೆಸೌತೆಯ ಜೊತೆ ಕೂಡಿಸಿ, ಹುಟ್ಟಿದ ಬಳ್ಳಿಗಳ ಬೀಜವನ್ನು ಮತ್ತೆ ಬಿತ್ತಿ, ಕಹಿಯಿಲ್ಲದ ಒಂದೇ ಒಂದು ಸಸಿಗಾಗಿ ಅವಳು ವರ್ಷಗಟ್ಟಲೆ ಎಲೆ ಅಗಿದು ಉಗಿದಿದ್ದಳು. ಎಲೆ ಕಹಿಯಾಗದಿದ್ದರೆ ಕಾಯಿಯೂ ಕಹಿಯಾಗದು. ಅಂಥದ್ದು ಸಿಕ್ಕರೆ ಅದನ್ನೇ ಜೊತೆಗೆ ಒಯ್ಯಬೇಕು. ಗಿಡಕ್ಕೂ ಪ್ರಯಾಣದ ಪರವಾನಗಿ ಬೇಕಲ್ಲ. ಯಾವ ಸಸಿ ಎಂದು ನಾಳೆಯೊಳಗೆ ತಿಳಿಸದಿದ್ದರೆ ಈ ವರ್ಷದ ಜಾಗ ಇನ್ನೊಬ್ಬರ ಪಾಲು. ಪ್ರಯೋಗಾಲಯದ ಪರೀಕ್ಷೆಗೆ ತಿಂಗಳು ಬೇಕು, ನಾಲಿಗೆಗೆ ಒಂದು ಗಳಿಗೆ ಸಾಕು. ಆ ನಾಲಿಗೆಯೇ ಈಗ ಕೈಕೊಟ್ಟಿತ್ತು.

ಸಸಿಗಳ ತಟ್ಟೆಗಳನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಅವಳು ಮನೆಗೆ ಬಂದಳು.

“ನಾನಿದ್ದೀನಲ್ಲ, ಅಳಬೇಡ,” ಎಂದು ಗಂಡ ಅಂಗಿಯ ತೋಳು ಮಡಚಿದ. ಅವಳು ಜೊತೆಗೆ ತಂದಿದ್ದ ತಾಯಿಬಳ್ಳಿಯ ಎಲೆಯ ಚೂರನ್ನು ಅಗಿದು, ಕಣ್ಣಲ್ಲಿ ನೀರು ತುಂಬಿಕೊಂಡು, “ಪರವಾಗಿಲ್ಲ... ಚೆನ್ನಾಗೇ ಇದೆ,” ಎಂದ. ಅವನ ತಪ್ಪಲ್ಲ. ಅಮ್ಮನ ಅಡುಗೆಗೂ ಹೆಂಡತಿಯ ಅಡುಗೆಗೂ ನಡುವೆ ಹತ್ತು ವರ್ಷ ಜೀವ ಉಳಿಸಿಕೊಂಡು ಬಂದ ನಾಲಿಗೆ ಅದು. ಯಾವುದಕ್ಕೂ ತಪ್ಪು ಹೇಳದಷ್ಟು ಪಳಗಿತ್ತು.

ಇಬ್ಬರೂ ಒಟ್ಟಿಗೇ ಕಿಟಕಿಯ ಕಡೆ ತಿರುಗಿದರು. ಅಲ್ಲಿ ಅತ್ತೆ ಕುರ್ಚಿಯಲ್ಲಿ ಕೂತು, ಹೊಸ ದಿಂಬಿನ ಚೀಲದ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯ ತಪ್ಪು ಹಿಡಿಯುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಆ ಕೆಲಸವನ್ನು ಮನೆಗೆ ತಂದಿದ್ದರು. ಸೊಸೆ ಮಾಡಿದ ಅಡುಗೆಯಲ್ಲಿ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿ. ಸರಿಯಾಗಿದ್ದ ದಿನ ಇನ್ನೂ ಬಂದಿರಲಿಲ್ಲ. ಫೆಲೋಶಿಪ್ಪಿನ ವಿಷಯದಲ್ಲಿ ಮಾತ್ರ ಅವರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಸುದ್ದಿ ಬಂದ ದಿನ “ಹೌದಾ” ಎಂದವರು ಮತ್ತೆ ಆ ಮಾತೇ ಎತ್ತಿರಲಿಲ್ಲ. ಅದು ಒಪ್ಪಿಗೆಯೋ ಮುನಿಸೋ ಎಂದು ಅವಳು ಒಳಗೊಳಗೇ ಒದ್ದಾಡುತ್ತಿದ್ದಳು.

“ಏನು, ಇಬ್ಬರೂ ನನ್ನನ್ನೇ ನೋಡ್ತಿದ್ದೀರಿ?”

“ಅತ್ತೆ, ನಿಮ್ಮ ನಾಲಿಗೆ ಬೇಕಿತ್ತು.”

“ಉದ್ದ ಅಂತ ಇಷ್ಟು ದಿನ ಬೈಕೋತಿದ್ದೆ. ಈಗ ಅಳತೆ ತಗೊಳ್ಳೋಕೆ ಬಂದ್ಯಾ?”

ಆದರೂ ಎದ್ದು ಬಂದರು. ಅಡುಗೆಮನೆಯ ಮೇಜಿನ ಮೇಲೆ ತಟ್ಟೆಗಳು, ಉಗಿಯಲು ಬೋಗುಣಿ, ಬಾಯಿ ಮುಕ್ಕಳಿಸಲು ನೀರು. ಅವಳು ಎಲೆಯ ತುದಿ ಚಿವುಟಿ ಕೊಟ್ಟಳು, ಅತ್ತೆ ಅಗಿದು ತೀರ್ಪು ಹೇಳಿದರು.

“ಕಹಿ.” ಉಗಿದರು. “ಇದೂ ಕಹಿ. ಇದು ನಾಟಕ ಆಡುತ್ತೆ, ಮೊದಲು ಏನೂ ಇಲ್ಲ, ಗಂಟಲ ಹತ್ರ ಹೋಗಿ ಕಚ್ಚುತ್ತೆ. ಇದನ್ನ ನನ್ನ ಮಗನಿಗೆ ಕೊಡು, ಚೆನ್ನಾಗಿದೆ ಅಂತಾನೆ.” ಮುಂದಿನದನ್ನು ಅಗಿದು ಸೊಸೆಯನ್ನು ಕೆಕ್ಕರಿಸಿ ನೋಡಿದರು. “ಇದು ಮಾಮೂಲಿ ಸೌತೆ ಅಲ್ವೇನೆ? ನನ್ನನ್ನೇ ಪರೀಕ್ಷೆ ಮಾಡ್ತೀಯಾ?”

ಅವಳ ಮುಖ ಕೆಂಪಾಯಿತು. ನಡುನಡುವೆ ಮನೆಸೌತೆಯ ಸಸಿಗಳನ್ನು ಅವಳು ಬೇಕೆಂದೇ ಸೇರಿಸಿದ್ದಳು. ಅತ್ತೆ ಒಂದನ್ನೂ ಬಿಡದೆ ಹಿಡಿದರು.

ಕೊನೆಯ ತಟ್ಟೆಯ ಅಂಚಿನಲ್ಲಿ ಸೊಟ್ಟಗೆ ಬೆಳೆದ ಸಸಿಯೊಂದಿತ್ತು. ಅದರ ಎಲೆ ಬಾಯಿಗೆ ಹೋದ ಮೇಲೆ ತೀರ್ಪು ಬರಲಿಲ್ಲ. ಅತ್ತೆ ನೀರು ಮುಕ್ಕಳಿಸಿ ಇನ್ನೊಂದು ಚೂರು ಕೇಳಿದರು. ನಿಧಾನವಾಗಿ ಅಗಿದರು.

“ಇದು ಮಾಮೂಲಿ ಸೌತೆಯಾ?”

“ಅಲ್ಲ ಅತ್ತೆ. ನನ್ನದೇ.”

“ಕಹಿ ಇಲ್ಲದ್ದು ಸಿಕ್ಕಿದ್ರೆ ನೀನು ಹೊರಡ್ತೀಯ. ಅಲ್ವಾ?”

“ಹೂಂ.”

“ಸಿಗದಿದ್ರೆ?”

“ಇಲ್ಲೇ ಇರ್ತೀನಿ.”

ಗಂಡ ಅಮ್ಮನನ್ನೇ ನೋಡುತ್ತಿದ್ದ. ಅತ್ತೆಯ ದವಡೆ ನಿಂತಿತ್ತು. ಒಂದೇ ಒಂದು ಮಾತು, ಕಹಿ ಎಂದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಭಯವಾಯಿತು, ಆ ಭಯಕ್ಕೆ ನಾಚಿಕೆಯೂ ಆಯಿತು.

“ಕಹಿ ಇಲ್ಲ,” ಎಂದರು ಅತ್ತೆ. “ನಾಲಿಗೆ ತುದೀಲೂ ಇಲ್ಲ, ಗಂಟಲ ಹತ್ರಾನೂ ಇಲ್ಲ. ಎಲೆ ಸ್ವಲ್ಪ ನಾರು. ಅದನ್ನೂ ಬರ್ಕೋ.” ಮತ್ತೆ ದಿಂಬಿನ ಚೀಲ ಹಿಡಿದು ಕಿಟಕಿಯ ಬಳಿ ಹೋಗಿ ಕೂತರು. ಎಷ್ಟು ಹೊತ್ತಾದರೂ ಅದರ ಹೊಲಿಗೆಯಲ್ಲಿ ಅವರಿಗೆ ಒಂದು ತಪ್ಪೂ ಕಾಣಲಿಲ್ಲ.

ಅವಳು ಸಸಿಯ ವಿವರ ಕಳಿಸಿ ಬಂದು, ಇವತ್ತಿನ ಅಡುಗೆ ತನ್ನದೇ ಎಂದು ಹಠ ಹಿಡಿದು ಒಲೆಯ ಮುಂದೆ ನಿಂತಳು. ಮನಸ್ಸು ಹಗುರಾಗಿತ್ತು. ತರಕಾರಿ ಬೆಂದ ಮೇಲೆ ಕೈಯಂದಾಜಿನಲ್ಲಿ ಉಪ್ಪು ಹಾಕಿ, ಹಳೆಯ ಅಭ್ಯಾಸದಂತೆ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಸಪ್ಪೆ ಅನಿಸಿತು. ಇನ್ನಷ್ಟು ಹಾಕಿದಳು.

ಊಟಕ್ಕೆ ಕೂತಾಗ ಗಂಡ ಮೊದಲ ತುತ್ತಿಗೇ ಅಗಿಯುವುದನ್ನು ನಿಲ್ಲಿಸಿ, ಲೋಟದ ನೀರನ್ನು ಒಂದೇ ಉಸಿರಿಗೆ ಕುಡಿದ. ಹತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಏನೋ ಹೇಳಬೇಕೆನಿಸಿ ಬಾಯಿ ತೆರೆದ. ಮೇಜಿನ ಕೆಳಗೆ ಧಡ್ ಎಂದಿತು. ಅವನು ಕಾಲು ಎಳೆದುಕೊಂಡು ಬಾಯಿ ಮುಚ್ಚಿದ.

ಅವಳು ಸೌಟು ಹಿಡಿದುಕೊಂಡೇ ಅತ್ತೆಯನ್ನು ನೋಡಿದಳು. ಅತ್ತೆ ನಿಧಾನವಾಗಿ ಅಗಿದು ನುಂಗಿದರು.

“ಇವತ್ತು ಉಪ್ಪು ಸರಿಯಾಗಿದೆ,” ಎಂದರು.

ಅವಳ ಕಣ್ಣು ಗಂಡನ ಖಾಲಿ ಲೋಟದ ಮೇಲೆ ಹೋಯಿತು. ಅಂಗೈಯಲ್ಲಿ ನೆಕ್ಕಿದ ಆ ಹನಿ ನೆನಪಾಯಿತು. ಕೈಯ ಸೌಟು ಅಲ್ಲೇ ನಿಂತಿತು.

“ಅತ್ತೆ, ಬಿಡಿ, ತಿನ್ನಬೇಡಿ...”

“ಏನು ನಿಂತ್ಕೊಂಡು ನೋಡ್ತಿದ್ದೀಯ?” ಅತ್ತೆ ತಟ್ಟೆಯನ್ನು ಮುಂದೆ ತಳ್ಳಿದರು. “ಇನ್ನೊಂದು ಸೌಟು ಹಾಕು.”