ಶಿವದಾರದ ಗಂಟು

ಶಶಿಕಾಂತ್ ಬಿದ್ದದ್ದು ಚಳಿಯಿಂದ. ಆಮೇಲೆ ಯಾರು ಕೇಳಿದರೂ ಅವನು ರಸ್ತೆಗೆ ಹಾಸಿದ್ದ ಕಬ್ಬಿಣದ ತಗಡನ್ನು ಬೈದ, ಅದನ್ನು ಹಾಸಿದ ಮೆಟ್ರೋ ಕೆಲಸದವರನ್ನು ಬೈದ. ಚಳಿಯ ಹೆಸರು ಮಾತ್ರ ಎತ್ತಲಿಲ್ಲ. ಅವನಿದ್ದ ಟಿಟ್ವಾಳಾದಲ್ಲಿ ಹದಿಮೂರು ಡಿಗ್ರಿ ಆಯಿತೆಂದರೆ ಜನ ಮಂಕಿಕ್ಯಾಪ್ ಹಾಕಿಕೊಂಡು, ಕಾಶ್ಮೀರಕ್ಕೆ ಹೊರಟವರ ಹಾಗೆ ಹಾಲು ತರಲು ಹೋಗುತ್ತಾರೆ. ವಿಜಯಪುರದ ಕಡೆಯವನಾದ ತನಗೆ ಇದೊಂದು ಚಳಿಯೇ ಎಂಬುದು ಅವನ ಜಂಬ. ಆ ಜಂಬದಿಂದಲೇ ನಲವತ್ತೆರಡು ವಯಸ್ಸಾದರೂ ಕೈಗವಸು ಕೊಂಡಿರಲಿಲ್ಲ.

ರಬಾಳೆಯ ವಾಲ್ವ್ ಕಾರ್ಖಾನೆಯಲ್ಲಿ ಅವನು ಕ್ವಾಲಿಟಿ ಇನ್‌ಸ್ಪೆಕ್ಟರ್. ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬೀಳುವುದಕ್ಕಿಂತ ಬೈಕೇ ವಾಸಿ ಎಂದು ಬೆಳಿಗ್ಗೆ ಆರಕ್ಕೇ ಮನೆ ಬಿಡುತ್ತಿದ್ದ. ಆ ದಿನವೂ ಬಾಗಿಲಲ್ಲಿ ಅವ್ವ ರುದ್ರವ್ವ ಪೂಜೆ ಆಯಿತೇ ಎಂದು ಕೇಳಿದ್ದಳು. ಆಗಿತ್ತು; ಅದರಲ್ಲಿ ಸುಳ್ಳಿರಲಿಲ್ಲ. ಎಡವಟ್ಟಾದದ್ದು ಕಲ್ಯಾಣಕ್ಕೆ ಬಂದ ಮೇಲೆ. ಕೊರಳಲ್ಲಿ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಗಾಳಿಗೆ ತಣ್ಣಗಾಗಿ ಎದೆ ಕೊರೆಯತೊಡಗಿತು. ಪತ್ರೀಪೂಲ್ ಸಿಗ್ನಲ್‌ನಲ್ಲಿ ನಿಂತಾಗ ಅದನ್ನು ತೆಗೆಯಲು ನೋಡಿದ. ಹೆಲ್ಮೆಟ್ ಅಡ್ಡ ಬಂತು. ಶಿವದಾರದ ಗಂಟನ್ನೇ ಬಿಚ್ಚಿ, ಕರಡಿಗೆಯನ್ನು ಜಾಕೆಟ್ಟಿನ ಜೇಬಿಗೆ ಇಳಿಬಿಟ್ಟ.

ಲಿಂಗ ಮೈಯಿಂದ ಇಳಿಯಬಾರದು, ಇಳಿದರೆ ಮತ್ತೆ ಕಟ್ಟಿಕೊಳ್ಳುವವರೆಗೆ ಹನಿ ನೀರೂ ಕುಡಿಯಬಾರದು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅರ್ಧ ತಾಸಿನ ಮಾತು, ರಬಾಳೆಯಲ್ಲಿ ಕಟ್ಟಿಕೊಂಡರಾಯಿತು ಎಂದುಕೊಂಡ. ಗಂಟು ಬಿಚ್ಚಿದ ಮೇಲೆ ಜೇಬಿನ ಜಿಪ್ ಎಳೆಯುವಷ್ಟು ಕಸುವು ಬೆರಳಿಗೆ ಉಳಿದಿರಲಿಲ್ಲ.

ಕಾಟೈ ನಾಕಾದ ಕೂಡುರಸ್ತೆಯಲ್ಲಿ ಮುಂದಿನ ಟೆಂಪೊ ತಟ್ಟನೆ ನಿಂತಿತು. ಮರಗಟ್ಟಿದ ಬೆರಳುಗಳು ಬ್ರೇಕ್ ಹಿಡಿಯಲು ತಡಮಾಡಿದವು. ಹಿಡಿದಾಗ ಒಮ್ಮೆಲೇ ಹಿಡಿದವು. ಇಬ್ಬನಿಯಲ್ಲಿ ನೆನೆದ ತಗಡಿನ ಮೇಲೆ ಬೈಕು ಒಂದು ಕಡೆ ಜಾರಿತು, ಅವನು ಇನ್ನೊಂದು ಕಡೆ. ಬಾಯಿಂದ ಬಂದದ್ದು ‘ಅವ್ವಾ’ ಎಂಬ ಒಂದೇ ಮಾತು.

ಎದ್ದು ಕೂತಾಗ ಬಲ ಅಂಗೈಯ ಚರ್ಮ ಕಿತ್ತುಹೋಗಿತ್ತು, ಎಡ ಮಣಿಕಟ್ಟು ಊದತೊಡಗಿತ್ತು. ತಲೆಗೆ ಏನೂ ಆಗಿರಲಿಲ್ಲ. ಸುತ್ತ ಹತ್ತು ಜನ ಸೇರಿ ಹತ್ತೂ ಜನ ನೀರಿನ ಬಾಟಲಿ ಚಾಚಿದರು. ಬಾಟಲಿ ತುಟಿಯ ಹತ್ತಿರ ಬಂದಾಗ ಅವನಿಗೆ ಜೇಬು ನೆನಪಾಯಿತು. ಮುಟ್ಟಿ ನೋಡಿದ. ಖಾಲಿ.

ಕೈ ಮುರಿದಿದ್ದರೆ ಅವ್ವ ಅತ್ತು ಸುಮ್ಮನಾಗುತ್ತಿದ್ದಳು. ಲಿಂಗ ಕಳೆದದ್ದು ತಿಳಿದರೆ ಅದು ಸಿಗುವ ತನಕ ತಾನೂ ಅನ್ನ ಬಿಡುವವಳು. ಎಪ್ಪತ್ತೆರಡರ ಸಕ್ಕರೆ ಕಾಯಿಲೆಯ ಜೀವ ಅದನ್ನು ಎಷ್ಟು ದಿನ ತಾಳೀತು? ಅವನು ಬಾಟಲಿಯನ್ನು ದೂರ ತಳ್ಳಿದ.

ಪಕ್ಕದ ಉಡುಪಿ ಹೋಟೆಲಿನ ಮಧ್ವರಾಜರು ‘ಅವ್ವಾ’ ಕೇಳಿಸಿಕೊಂಡು, ನಮ್ಮವನೇ ಎಂದು ಬಿಸಿ ಚಹಾ ಹಿಡಿದು ಓಡಿ ಬಂದಿದ್ದರು. ಇವನು ಅದಕ್ಕೂ ತಲೆ ಅಲ್ಲಾಡಿಸಿದ. ನೀರೂ ಬೇಡ, ಚಹಾವೂ ಬೇಡ ಎನ್ನುವ ಮನುಷ್ಯನಿಗೆ ಒಳಪೆಟ್ಟೇ ಬಿದ್ದಿರಬೇಕೆಂದು ಗುಂಪು ತೀರ್ಮಾನಿಸಿತು. ಒಬ್ಬ ರಿಕ್ಷಾ ಕರೆದ. ಒಬ್ಬ ಇವನ ಕಣ್ಣ ಮುಂದೆ ಬೆರಳು ಹಿಡಿದು ಎಷ್ಟೆಂದು ಕೇಳಿದ. ಶಶಿಕಾಂತ್ ಎಲ್ಲರನ್ನೂ ಸರಿಸಿ, ಮಂಡಿಯೂರಿ ಬೈಕಿನ ಕೆಳಗೆ, ಚರಂಡಿಯ ಅಂಚಿನಲ್ಲಿ ಕೈಯಾಡಿಸತೊಡಗಿದ. ಕೊನೆಗೆ ಮಧ್ವರಾಜರ ಕಿವಿಯಲ್ಲಿ ವಿಷಯ ಹೇಳಿದ.

“ಅದನ್ನು ಮೊದಲೇ ಹೇಳ್ಬಾರ್ದಾ ಮಾರಾಯ್ರೆ,” ಎಂದು ಅವರು ಪಂಚೆ ಎತ್ತಿ ಕಟ್ಟಿ ತಾವೂ ಹುಡುಕಲು ಇಳಿದರು.

ಇಪ್ಪತ್ತು ನಿಮಿಷ ಹುಡುಕಿದರು. ಸಿಕ್ಕಿದ್ದು ಒಂದು ಬೋಲ್ಟು ಮತ್ತು ಯಾರದೋ ಚಪ್ಪಲಿ. ಶಶಿಕಾಂತನ ಕಣ್ಣು ತುಂಬಿ ಬಂತು. ಆಗಲೇ ರಸ್ತೆಯ ಆಚೆ ಬದಿಯಿಂದ ಯಾರೋ ಹೆಂಗಸು ಬುಟ್ಟಿ ಬೀಸಿ ಕರೆಯುವುದು ಮಧ್ವರಾಜರಿಗೆ ಕಂಡಿತು. ಬಹಳ ಹೊತ್ತಿನಿಂದ ಕೂಗುತ್ತಿದ್ದಳಂತೆ. ಲಾರಿಗಳ ಸದ್ದಿನಲ್ಲಿ ಕೇಳಿಸಿರಲಿಲ್ಲ. ಇಬ್ಬರೂ ರಸ್ತೆ ದಾಟಿ ಹೋದರು.

ಅವಳು ಮರಗಮ್ಮ, ಅಫಜಲಪುರದ ಕಡೆಯವಳು, ಕೂಲಿಗೆಂದು ಬೆಳಿಗ್ಗೆ ನಾಕಾದಲ್ಲಿ ನಿಲ್ಲುವವಳು. ಅವಳ ಕಾಲ ಬಳಿ, ಜಲ್ಲಿಯ ಅಂಚಿನಲ್ಲಿ, ಜೇಬಿನಿಂದ ಚಿಮ್ಮಿದ ಕರಡಿಗೆ ಬಿದ್ದಿತ್ತು. ಗಾಲಿ ಹರಿಯದಂತೆ ಅದರ ಸುತ್ತ ನಾಲ್ಕು ಇಟ್ಟಿಗೆ ಇಟ್ಟು, ಬಂದ ಗಾಡಿಗಳನ್ನೆಲ್ಲ ಕೈಯೊಡ್ಡಿ ಸರಿಸುತ್ತ ನಿಂತಿದ್ದಳು.

“ನಾ ಮುಟ್ಟಿಲ್ರಿ,” ಎಂದಳು. “ನಮ್ಮ ಕೈ ನಿಮಗ ನಡೀತದೋ ಇಲ್ಲೋ ಅಂತ ಕಾಯ್ಕೋತ ನಿಂತೆ.”

ಊರಲ್ಲಿ ಗೌಡರ ಅಂಗಳ ಗುಡಿಸಿಯೂ ಅವರ ಹೊಸ್ತಿಲು ದಾಟದೆ ಬೆಳೆದವಳು ಅವಳು. ಕರಡಿಗೆ ಎಂದರೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಶಶಿಕಾಂತನಿಗೆ ನಾಚಿಕೆಯಾಯಿತು. ಒಂದಿಷ್ಟು ತಣ್ಣಗಾಯಿತೆಂದು ತಾನು ಕೊರಳಿಂದ ಇಳಿಸಿದ್ದನ್ನು ಇವಳು ಲಾರಿಗಳಿಗೆ ಎದುರು ನಿಂತು ಕಾದಿದ್ದಳು.

ಕರಡಿಗೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡ. ಮುಚ್ಚಳ ತೆಗೆದು ನೋಡಿದ. ಲಿಂಗ ಇದ್ದ ಹಾಗೇ ಇತ್ತು. ಕಟ್ಟಿಕೊಳ್ಳೋಣವೆಂದರೆ ಒಂದು ಕೈ ರಕ್ತ, ಇನ್ನೊಂದು ಕೈ ಏಳುತ್ತಿಲ್ಲ. ಮಧ್ವರಾಜರು ತಮ್ಮ ಜನಿವಾರ ಮುಟ್ಟಿಕೊಂಡು, ಇದರ ಕ್ರಮ ತಮಗೆ ತಿಳಿಯದೆಂದು ಹಿಂಜರಿದರು.

“ಯವ್ವಾ, ನೀನಽ ಕಟ್ಟು,” ಎಂದ ಶಶಿಕಾಂತ್.

ಮರಗಮ್ಮ ಅವನ ಮುಖವನ್ನು ನೋಡಿದಳು, ಮಧ್ವರಾಜರ ಮುಖವನ್ನೂ ನೋಡಿದಳು. ಇಟ್ಟಿಗೆಯ ಧೂಳು ಮೆತ್ತಿದ ಕೈಯನ್ನು ಸೆರಗಿಗೆ ಮೂರು ಸಲ ಒರೆಸಿ, ಅವನ ಹಿಂದೆ ಬಂದು ನಿಂತು ಶಿವದಾರ ಬಿಗಿದಳು. ಕಟ್ಟಡಕ್ಕೆ ಬಿದಿರು ಕಟ್ಟುವವರು ಹಾಕುವ ಗಂಟು ಅದು. ಆಮೇಲೆ ಶಶಿಕಾಂತ್ ಎರಡು ಬಾಟಲಿ ನೀರು ಕುಡಿದ. ಹೋಟೆಲಿನಲ್ಲಿ ಮೂವರೂ ಒಂದೇ ಮೇಜಿಗೆ ಕೂತು ಚಹಾ ಕುಡಿಯುವಾಗ ಅವನಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಫೋನಿನಲ್ಲಿ ಅವ್ವನಿಗೆ ಮುಚ್ಚಿಡಬಹುದಿತ್ತು. ಆದರೆ ಜೇಬಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟ. ರುದ್ರವ್ವ ಮೊದಲು ಎಲುಬಿನ ವಿಚಾರ ಕೇಳಿದಳು. ಮಣಿಕಟ್ಟು ಉಳುಕಿದ್ದು ಬಿಟ್ಟರೆ ಏನಿಲ್ಲ ಎಂದ. ಯಾರು ಕಟ್ಟಿದರೆಂದು ಕೇಳಿದಳು. ಅದನ್ನೂ ಹೇಳಿದ. ಹೇಳಿದ ಮೇಲೆ ಅವನಿಗೇ ಅಳುಕಾಗಿ, ಬೇಕಾದರೆ ಸಂಜೆ ಮಠದ ಅಯ್ಯನವರ ಹತ್ತಿರ ಹೋಗಿ ಬಿಚ್ಚಿಸಿ ಮತ್ತೆ ಕಟ್ಟಿಸಿಕೊಳ್ಳುತ್ತೇನೆ ಎಂದ.

“ಬಿಚ್ಚಬ್ಯಾಡ,” ಎಂದಳು ರುದ್ರವ್ವ. “ನೀ ಜೇಬಿನ್ಯಾಗ ಇಟ್ಟಿ, ಆಕಿ ಇಟ್ಟಂಗಿ ಇಟ್ಟು ಕಾದ್ಲು. ಆಕಿ ಕಟ್ಟಿದ್ದು ಹಂಗಽ ಇರ್ಲಿ.”