ಕನಕರಾಜುವಿನ ಬಾಯಿ ಮುಚ್ಚಿಸಿದ ಡಾಕ್ಟರು

"ನಾಲಿಗೆ ಎತ್ತಿ ಕನಕಣ್ಣ," ಎಂದು ನರ್ಸ್ ರಾಚಮ್ಮ ಹುಲ್ಲಿನ ಮೆದೆಯ ಮರೆಯಲ್ಲಿ ಮಾತ್ರೆಯನ್ನು ಅವನ ನಾಲಿಗೆಯ ಕೆಳಗಿಟ್ಟಳು. "ಕರಗೋಗಂಟ ಮಾತಾಡಂಗಿಲ್ಲ, ನುಂಗಂಗಿಲ್ಲ. ನುಂಗುದ್ರೆ ದಂಡ. ರಾತ್ರಿ ಮೈ ನಡುಗ್ತದೆ, ಮತ್ತೆ ಆ ಹಾಳು ನೋವಿನ ಗುಳಿಗೆ ಹುಡಿಕ್ಕಂಡು ಓಡ್ತೀರಿ. ನಾನು ಸತ್ ದಿನಾನೂ ಮಾತ್ರೆ ತಪ್ಪಬಾರ್ದು ಅಂತ ಡಾಕ್ಟ್ರಮ್ಮೋರೇ ಹೇಳಿದ್ರು."

ಕನಕರಾಜು ತಲೆಯಾಡಿಸಿದ. ಅಷ್ಟರಲ್ಲಿ ಸಾವಿನ ಮನೆಯ ಮುಂದಿನ ಮೈಕು ಕೂಗಿತು: "ಈಗ ಬೆಟ್ಟದಪುರ ಸೀಮೆಯ ಭಾಷಣಕಾರ ಕನಕರಾಜಣ್ಣೋರು ನಮ್ಮೂರ ಮಗಳು ಡಾಕ್ಟರ್ ಸಂಘಮಿತ್ರಮ್ಮೋರ ಬಗ್ಗೆ ನಾಕು ಮಾತಾಡ್ತಾರೆ!"

ಕೂಗಿದವನು ಚಿಕ್ಕಮಾದು. ಮುಂದಿನ ವಾರದ ಡೇರಿ ಚುನಾವಣೆಯಲ್ಲಿ ಕನಕರಾಜುವಿನ ಎದುರಾಳಿ. ಮೆದೆಯ ಹಿಂದಿನಿಂದ ಬಂದವನ ಕೈ ಹಿಡಿದು ಮೈಕಿನವರೆಗೂ ಎಳೆದೊಯ್ದ.

ಕನಕರಾಜು ನಾಕೇ ಮಾತಾಡುವ ಆಸಾಮಿಯಲ್ಲ. ಅವನ ಭಾಷಣದ ಆರಂಭದಲ್ಲಿ ಹುಟ್ಟಿದ ಕರು, ವಂದನೆಯ ಹೊತ್ತಿಗೆ ನೇಗಿಲು ಎಳೆಯುತ್ತಿತ್ತು. ಇದು ಕಡಿಮೆ ಮಾಡಿ ಹೇಳಿದ್ದು.

*

ಎರಡು ವರ್ಷದ ಹಿಂದೆ ಅವನು ತಂಬಾಕು ಒಣಗಿಸುವ ಬ್ಯಾರನ್ನಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಸೊಂಟ ಕೂಡಿತು, ನೋವಿನ ಗುಳಿಗೆ ಬಿಡಲಿಲ್ಲ. ಅವನು ನುಂಗಿದ ರಭಸಕ್ಕೆ ಎರಡು ತಾಲ್ಲೂಕಿನವರು ತಮ್ಮ ನೋವನ್ನು ಸುಮ್ಮನೆ ಅನುಭವಿಸಬೇಕಾಯಿತು. ಕೊನೆಗೆ ಹುಣಸೂರಿನಲ್ಲಿದ್ದ ಸಂಘಮಿತ್ರಮ್ಮನ ಕ್ಲಿನಿಕ್ಕಿಗೆ ಮುಖ ಮುಚ್ಚಿಕೊಂಡು ಬಂದ.

"ಇದು ಕಾಯಿಲೆ ಕಣ್ರೀ ಕನಕರಾಜು, ಕಳ್ಳತನ ಅಲ್ಲ," ಎಂದರು ಡಾಕ್ಟರು.

"ಊರಿಗೆ ಗೊತ್ತಾದ್ರೆ ಅಮಲುಗಾರ ಅಂತಾರೆ ಅಮ್ಮೋರೇ. ಡೇರಿಲಿ ನಾಯೂ ನಂಗೆ ಓಟ್ ಆಕಲ್ಲ."

"ಗುಳಿಗೆ ಚಟ ಬಿಡ್ಸೋಕೆ ದಿನಾ ಒಂದು ಮಾತ್ರೆ ಕೊಡ್ತೀವಿ. ಬರೋದು ಹಲ್ಲುನೋವಿಗೆ ಅಂತ ಹೇಳ್ಕಳಿ. ಆದ್ರೆ ಇರೋದು ಮೂವತ್ತೆರಡೇ, ನೋಡ್ಕಂಡು ಹೇಳಿ."

ಅವನು ನೋಡಿಕೊಳ್ಳಲಿಲ್ಲ. ಊರಿನವರ ಪ್ರಕಾರ ಅವನಿಗೆ ಐವತ್ತು ಹಲ್ಲು ಕಿತ್ತಾಗಿತ್ತು.

ಡಾಕ್ಟರಿಗಿದ್ದದ್ದು ಒಂದೇ ಚಟ, ಜೋಕು. ಮಾತ್ರೆ ಕರಗುವವರೆಗೆ ರೋಗಿಗಳು ತುಟಿ ಬಿಗಿದು ಕೂತಿರುತ್ತಿದ್ದರು. ಅವರೆದುರು ವರ್ಷಗಟ್ಟಲೆ ಅವೇ ಹಳಸಲು ಜೋಕು. "ನೋಡಿದ್ರಾ ರಾಚಮ್ಮ, ಒಬ್ರೂ ಚೆನ್ನಾಗಿಲ್ಲ ಅನ್ಲಿಲ್ಲ!" ಎನ್ನುವರು. ನಿನ್ನೆ ಒಂದು ಜೋಕಿನ ಅರ್ಧದಲ್ಲೇ, ಕುರ್ಚಿಯಲ್ಲಿ ಕೂತಂತೆಯೇ, ಅವರ ಪ್ರಾಣ ಹೋಯಿತು. ಎದುರಿಗಿದ್ದವರು ತುಟಿ ಬಿಗಿದು ಉಳಿದರ್ಧಕ್ಕೆ ಕಾಯುತ್ತಲೇ ಇದ್ದರು.

*

ನುಂಗಿದರೆ ಭಾಷಣ ಉಂಟು, ರಾತ್ರಿಯ ನಡುಕವೂ ಉಂಟು. ನುಂಗದಿದ್ದರೆ ಗುಟ್ಟು ರಟ್ಟಾಗಬಹುದು. ಕನಕರಾಜು ಮೈಕಿನ ಮುಂದೆ ಕೈಮುಗಿದು, ತುಟಿ ಬಿಗಿದು ನಿಂತ.

"ಏನ್ಲಾ ಕನಕ, ಐವತ್ತೊಂದನೇ ಹಲ್ಲಾ?" ಎಂದ ಚಿಕ್ಕಮಾದು.

ಕನಕರಾಜುವಿನ ಕಣ್ಣು ತುಂಬಿತು.

"ಅಯ್ಯೋ, ಕನಕಣ್ಣಂಗೇ ಮಾತು ಕಟ್ಟೋಯ್ತಲ್ಲವ್ವಾ!" ಎಂದು ಹೆಂಗಸೊಬ್ಬಳು ಎದೆ ಬಡಿದುಕೊಂಡಳು. ಅಷ್ಟೇ ಸಾಕಾಯಿತು. ಲಕ್ಷ್ಮಣತೀರ್ಥ ಹೊಳೆ ದಡ ಮೀರುವಷ್ಟು ಕಣ್ಣೀರು ಹರಿಯಿತು. ಭಾಷಣಕ್ಕೆ ಎಂದೂ ಬೀಳದ ಓಟುಗಳೆಲ್ಲ ಆ ಮೌನಕ್ಕೆ ದಬದಬ ಬಿದ್ದವು.

ಮಾತ್ರೆ ಕರಗಿತು. ಇನ್ನು ಸುಮ್ಮನೆ ಪಕ್ಕಕ್ಕೆ ಸರಿದರೆ ಡೇರಿ ಅವನದೇ.

ಓಟು ಜಾರುವುದನ್ನು ಕಂಡ ಚಿಕ್ಕಮಾದು ಮೈಕು ಕಿತ್ತುಕೊಂಡ. "ಅಮ್ಮೋರು ಎಂತೆಂಥ ಅಮಲುಗಾರರನ್ನೋ ಸುದಾರಿಸಿದ್ರು. ಪುಣ್ಯಕ್ಕೆ ನಮ್ಮೂರಲ್ಲಿ ಅಂಥ ಮಾನಗೆಟ್ಟೋರು ಒಬ್ರೂ ಇಲ್ಲ ಬುಡಿ!"

ಕನಕರಾಜು ಹೂವಿನ ನಡುವೆ ಮಲಗಿದ್ದ ಡಾಕ್ಟರ ಮುಖ ನೋಡಿದ. ಮೈಕು ವಾಪಸು ಎಳೆದುಕೊಂಡ.

"ಒಬ್ಬ ಅವ್ನೆ," ಎಂದ.

ಅವನ ಜೀವಮಾನದಲ್ಲೇ ಅತಿ ಚಿಕ್ಕ ಭಾಷಣ ಅದು. ಆಮೇಲೆ ರಾಚಮ್ಮನ ಕಡೆ ತಿರುಗಿ, ಮಾತ್ರೆ ಪೂರ್ತಿ ಕರಗಿದೆ ಎಂದು ಕ್ಲಿನಿಕ್ಕಿನಲ್ಲಿ ದಿನವೂ ತೋರಿಸುವಂತೆ, ಊರಿನೆದುರು ಬಾಯಗಲಿಸಿ ನಾಲಿಗೆ ಎತ್ತಿದ.

ರಾಚಮ್ಮ ಮೊಬೈಲಿನ ಟಾರ್ಚು ಬಿಟ್ಟು ಇಣುಕಿದಳು. "ಸರಿ, ಮುಚ್ಚಿ."

ಆಗ ಗುಂಡಿ ತೋಡಿ ಬಂದಿದ್ದವನು ಗುದ್ದಲಿ ಪಕ್ಕಕ್ಕಿಟ್ಟು ಬಾಯಿ ತೆರೆದ; ಮೆದೆಯ ಮರೆಗೆ ಅವನೂ ಹೋಗಿ ಬಂದಿದ್ದ. ಶಾಮಿಯಾನದವನು ತೆರೆದ. ರಾಚಮ್ಮ ಟಾರ್ಚು ಹಿಡಿದು ಒಬ್ಬೊಬ್ಬರೆದುರೂ ನಿಂತು ನೋಡುತ್ತ ಬಂದಳು. ಚಟ್ಟದ ಮುಂತುದಿಯ ಹತ್ತಿರ, ಹೆಗಲು ಕೊಡಲು ಟವಲು ಮಡಿಸಿ ಹಾಕಿಕೊಂಡು, ಚಿಕ್ಕಮಾದುವಿನ ಒಡಹುಟ್ಟಿದ ತಮ್ಮ ನಾಲಿಗೆ ಎತ್ತಿಕೊಂಡು ತನ್ನ ಸರದಿಗೆ ಕಾಯುತ್ತಿದ್ದ.